ವಾಲ್ವ್ ಪೆಟ್ಟಿಗೆಯ ಒಡಕು ದನಿ

ಅಶೋಕನಗರದ ಆ ಮನೆಯ ಗೇಟಿನ ಮುಂದೆ ಆಟೋ ಬಂದು ನಿಂತಾಗ ಗಂಗಹನುಮಯ್ಯ ಕಾರಿನ ಮುಂಗಾಜು ಒರೆಸುತ್ತಿದ್ದ. ಆಟೋದಿಂದ ಇಳಿದ ಹೆಣ್ಣುಮಗಳು ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದಳು. ಮೂವತ್ತೈದರ ಆಸುಪಾಸು. ಕಣ್ಣುಗಳು ಕೆಂಪಾಗಿದ್ದವು.

"ಕ್ಲೇಮು ಮೇಡಂ ಮನೆ ಇದೇನಾ?"

"ಇದೇ ಕಣವ್ವ. ಪೆಟ್ಟಿಗೆ ಕೊಡಿ ಇತ್ಲಾಗೆ, ಹಿಡ್ಕೋತೀನಿ."

"ಬೇಡಿ ಅಣ್ಣ. ಒಳಗೆ ಗಾಜಿದೆ."

ತುಮಕೂರಿನಲ್ಲಿ ಪ್ರೇಮಲತಾ ಅಂದರೆ ಯಾರು ಎಂದು ಕೇಳುವವರು ಇದ್ದಾರು, ಕ್ಲೇಮು ಮೇಡಂ ಅಂದರೆ ಆಟೋದವರಿಗೂ ಗೊತ್ತು. ವಿಮಾ ಕಂಪನಿಯಲ್ಲಿ ಇಡೀ ಆಯುಷ್ಯ ಕ್ಲೇಮು ತನಿಖೆ ಮಾಡಿದವರು. ಸುಟ್ಟ ಕೊಬ್ಬರಿ ಗೋಡೌನಿಗೆ ಬೆಂಕಿ ಹತ್ತಿತೋ ಹಚ್ಚಿದರೋ ಎಂಬುದನ್ನು ಬೂದಿ ನೋಡಿಯೇ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಜನ ಬಿಡಲಿಲ್ಲ. ಕುಣಿಗಲ್ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಗಂಗಹನುಮಯ್ಯ ಅವರ ಕಾರಿಗೆ ಡ್ರೈವರಾಗಿ ಸೇರಿದ್ದು ಸಂಬಳಕ್ಕೆ ಅಂತ ಮನೆಯಲ್ಲಿ ಹೇಳಿಕೊಂಡಿದ್ದ. ನಿಜವೆಂದರೆ ಅವನಿಗೆ ಊರವರ ಗುಟ್ಟೆಲ್ಲ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ನೋಡುವ ಚಪಲ. ಅದಕ್ಕೇ ಕಾಫಿ ಕೊಡುವ ನೆಪದಲ್ಲಿ ಒಳಗೆ ಬಂದವನು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟ. ಪ್ರೇಮಲತಾ ಬೇಡವೆನ್ನಲಿಲ್ಲ. ಯಾವತ್ತೂ ಅಂದವರಲ್ಲ.

"ನನ್ನ ಹೆಸರು ಯಶಸ್ವಿನಿ. ಕುಣಿಗಲ್ಲು," ಎಂದಳು ಅವಳು. "ಹಿರೇಹಳ್ಳಿಯ ಒಂದು ಫ್ಯಾಕ್ಟರೀಲಿ ಕೆಲಸದಲ್ಲಿದ್ದೆ ಮೇಡಂ. ಬಿಟ್ಟು ಈಗ ಮನೇಲೇ ವಾಲ್ವ್ ಆಂಪ್ಲಿಫೈಯರ್ ಕಟ್ತೀನಿ. ಮುಂಚೆ ರೇಡಿಯೋದಲ್ಲಿ ಗಾಜಿನ ವಾಲ್ವ್ ಇರ್ತಿದ್ವಲ್ಲ, ಅಂಥದ್ದನ್ನೇ ಹಾಕಿ, ಹೆಡ್‌ಫೋನಿಗೆ."

"ಈಗಲೂ ಅದನ್ನ ಕೊಳ್ಳೋರಿದಾರಾ?"

"ಇದಾರೆ ಮೇಡಂ, ಹುಚ್ಚು ಹಿಡಿದೋರು. ನನ್ನ ಥರಾನೇ." ನಗಲು ನೋಡಿದಳು, ಆಗಲಿಲ್ಲ. "ಎಸ್.ಎಸ್. ಪುರಂನಲ್ಲಿ ಸೀತಾರಾಮಯ್ಯ ಅಂತ ವಕೀಲರಿದಾರೆ. ಹರಿಕತೆ, ಗಮಕ, ನಾಟಕದ ಹಾಡು, ಎಲ್ಲದರ ಹಳೇ ಸ್ಪೂಲ್ ಟೇಪು ಅವರ ಹತ್ರ ರಾಶಿ ಇದೆ. ಮನೆ ಮುಂದಿನ ಹಾಲನ್ನ ಸಾರ್ವಜನಿಕರ ಕೇಳುಮನೆ ಮಾಡ್ತಿದಾರೆ. ಪಕ್ಕದಲ್ಲೇ ಟ್ಯೂಷನ್ ಸೆಂಟರು, ಸದ್ದಾಗಬಾರದು. ಅದಕ್ಕೆ ಕುರ್ಚಿಗೊಂದು ಹೆಡ್‌ಫೋನು. ಮಾದರಿಗೆ ಅಂತ ಒಂದು ತರಿಸಿದಾರೆ, ಆರುನೂರು ಓಮಿಂದು. ಅದನ್ನ ಫೋನಿಗೆ ಹಾಕಿದ್ರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಕೇಳ್ತಿತ್ತಂತೆ. ಆಗ ಆಂಪ್ಲಿಫೈಯರ್ ಹುಡುಕೋಕೆ ಶುರು ಮಾಡಿದ್ರು. ಯಾವುದು ಒಪ್ಪಿಗೆ ಆಗುತ್ತೋ ಅದನ್ನೇ ಎಲ್ಲಾ ಕುರ್ಚಿಗೂ ಮಾಡಿಸ್ತಾರೆ."

ಸ್ಪರ್ಧೆಯಲ್ಲಿ ಮೂವರಿದ್ದರು. ಯಶಸ್ವಿನಿ ಒಬ್ಬಳು. ಇನ್ನೊಬ್ಬ ಗುಬ್ಬಿಯ ಲಕ್ಷ್ಮೀಕಾಂತ್, ತೆಂಗಿನ ವ್ಯಾಪಾರದ ಮನೆತನ, ಕೈಯಾರೆ ಟ್ರಾನ್ಸ್‌ಫಾರ್ಮರ್ ಸುತ್ತಿ ಆಂಪ್ಲಿಫೈಯರ್ ಕಟ್ಟುವವರು. ಮೂರನೆಯವನು ಸೀತಾರಾಮಯ್ಯನವರ ತಮ್ಮನ ಮಗ ಶ್ರೀಕರ, ಎಲೆಕ್ಟ್ರಾನಿಕ್ಸ್ ಅಂಗಡಿಯವನು, ಹೊರದೇಶದ ಪೆಟ್ಟಿಗೆ ತರಿಸಿ ಮಾರುವವನು.

"ಮಂಗಳವಾರ ನನ್ನದನ್ನ ಕೇಳಿ ಸೀತಾರಾಮಯ್ಯನವರು ಎಷ್ಟೋ ಹೊತ್ತು ಕಣ್ಣೇ ಬಿಡಲಿಲ್ಲ ಮೇಡಂ. 'ಇದೇ ಕಣಮ್ಮ, ಆದ್ರೂ ಭಾನುವಾರ ಮೂರನ್ನೂ ಒಟ್ಟಿಗೆ ಕೇಳಿ ಹೇಳ್ತೀನಿ' ಅಂದ್ರು. ಬಸ್ಸಲ್ಲಿ ಗಾಜು ಹೊತ್ಕೊಂಡು ಓಡಾಡೋದು ಯಾಕೆ ಅಂತ ಪೆಟ್ಟಿಗೆ ಅಲ್ಲೇ ಬಿಟ್ಟು ಬಂದೆ. ಭಾನುವಾರ ನಮ್ಮ ಮೂವರನ್ನೂ ಜಗುಲೀಲಿ ಕೂರಿಸಿ ಒಬ್ಬೊಬ್ಬರನ್ನೇ ಒಳಗೆ ಕರೆದ್ರು. ನಾನು ಕೊನೇಲಿ. ಹಾಡು ಹಾಕಿದ್ರೆ..." ಅವಳು ಪೆಟ್ಟಿಗೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ಸ್ವರ ಒಡೆದು ಚೂರಾಗಿತ್ತು. ತಬಲ ಮಡಕೆ ಒಳಗೆ ಬಾರಿಸಿದ ಹಾಗೆ. 'ಮಂಗಳವಾರ ಕೇಳಿಸಿದ್ದು ಇದಲ್ಲ, ಇಟ್ಟು ಹೋಗುವಾಗ ಏನೋ ಬದಲಾಯಿಸಿದ್ದೀಯ ಬಿಡಮ್ಮ' ಅಂದ್ಬಿಟ್ರು. ಸಾಯಂಕಾಲ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಶ್ರೀಕರ ಹಾಕ್ದ, 'ತೋರ್ಸೋದೊಂದು ಕೊಡೋದೊಂದು, ಕುಣಿಗಲ್ ಮಾಲು ಹುಷಾರು' ಅಂತ. ಆರ್ಡರ್ ಕೊಟ್ಟಿದ್ದೋರು ಇಬ್ಬರು ಆಗಲೇ ಬೇಡ ಅಂದ್ರು. ಹೀಗೇ ಆದ್ರೆ ನಾನು ಫ್ಯಾಕ್ಟರಿ ಗೇಟಲ್ಲಿ ಮತ್ತೆ ಕೈಕಟ್ಟಿ ನಿಲ್ಬೇಕು. ಅದಕ್ಕಿಂತ, ಮೋಸಗಾತಿ ಅನ್ನಿಸ್ಕೊಂಡೆನಲ್ಲ. ಯಾರೋ ನನ್ನ ವಾಲ್ವ್ ಬದಲಾಯಿಸಿದಾರೆ. ಯಾರು ಅಂತ ಗೊತ್ತಾಗ್ಬೇಕು ಮೇಡಂ."

ಪ್ರೇಮಲತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ವಾಲ್ವ್ ಬದಲಾಗಿದೆ ಅಂತ ನಿಮಗೇ ಹೊಳೀತಾ, ಯಾರಾದ್ರೂ ಹೇಳಿದ್ರಾ?"

"ಲಕ್ಷ್ಮೀಕಾಂತ್ ಸರ್ ಹೇಳಿದ್ರು. ಅಳ್ತಾ ಜಗುಲಿಗೆ ಬಂದಾಗ ಸಮಾಧಾನ ಮಾಡಿದ್ದು ಅವರೊಬ್ಬರೇ. ನನಗೆ ಸೋಲ್ಡರಿಂಗ್ ಕಡ್ಡಿ ಹಿಡಿಯೋದು ಕಲಿಸಿದ ಗುರುಗಳು ಮೇಡಂ ಅವರು."

"ಪೆಟ್ಟಿಗೆ ಬಿಚ್ಚಿ ನೋಡಿದ್ರಾ?"

"ಧೈರ್ಯ ಬರ್ಲಿಲ್ಲ."

"ಈಗ ಬಿಚ್ಚಿ."

ಪೆಟ್ಟಿಗೆಯೊಳಗಿಂದ ಹೊರಬಂದದ್ದನ್ನು ನೋಡಿ ಗಂಗಹನುಮಯ್ಯ ಸ್ಟೂಲು ಬಿಟ್ಟು ಎದ್ದ. ಹಲಸಿನ ಮರದ ಚೌಕಟ್ಟು, ಮೇಲೆ ಸಾಲಾಗಿ ನಿಂತ ಗಾಜಿನ ವಾಲ್ವ್‌ಗಳು. ಯಶಸ್ವಿನಿ ಒಂದೊಂದನ್ನೇ ಅಲುಗಿಸಿ ಕಿತ್ತು ಬುಡ ನೋಡಿದಳು. ಪ್ರತಿಯೊಂದರ ಬುಡದಲ್ಲೂ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಚುಕ್ಕೆ.

"ಇದು ನಾನಿಟ್ಟ ಗುರುತು," ಎಂದಳು, ಬೆರಗಾಗಿ. "ಎಲ್ಲಾ ನನ್ನವೇ!"

"ಹಾಗಾದ್ರೆ ವಾಲ್ವ್ ಬದಲಾಗಿಲ್ಲ. ಗಂಗಹನುಮಯ್ಯನವರೇ, ಕಾರು ತೆಗೀರಿ. ಈ ಪೆಟ್ಟಿಗೆ ಇವರ ಮನೇಲಿ ಹೇಗೆ ಹಾಡುತ್ತೆ ನೋಡೋಣ."

ಕುಣಿಗಲ್ಲಿನಲ್ಲಿ ಯಶಸ್ವಿನಿಯ ಮನೆ ಕೆರೆ ಏರಿಯಿಂದ ದೂರವಿರಲಿಲ್ಲ. ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಸ್ವಿಚ್ಚು ಹಾಕಿದರೆ ಏನೂ ಆಗಲಿಲ್ಲ. ಗಂಗಹನುಮಯ್ಯ ಬಾಯಿ ತೆರೆಯುವಷ್ಟರಲ್ಲಿ ಅವಳು "ಕಾಯ್ಬೇಕು ಅಣ್ಣ, ಬಿಸಿ ಆಗ್ಬೇಕು" ಎಂದಳು. ನಿಧಾನವಾಗಿ ಗಾಜಿನೊಳಗೆ ಕೆಂಡದಂಥ ಕೆಂಪು ಹುಟ್ಟಿತು. ತನ್ನದೇ ಆರುನೂರು ಓಮಿನ ಹೆಡ್‌ಫೋನನ್ನು ಮೊದಲು ಪ್ರೇಮಲತಾ ಅವರಿಗೆ, ಆಮೇಲೆ ಅವನಿಗೆ ಕೊಟ್ಟಳು.

ಯಾವುದೋ ಕಾಲದ ನಾಟಕದ ಹಾಡು. ಗಂಗಹನುಮಯ್ಯನಿಗೆ ಹಾಡಿಗಿಂತ ಮೊದಲು ಹಾರ್ಮೋನಿಯಂ ತಿದಿಯ ಉಸಿರು ಕೇಳಿಸಿತು. ಆಮೇಲೆ ಹಾಡುವವನು ತುಟಿ ಒದ್ದೆ ಮಾಡಿಕೊಂಡದ್ದು. ಅವನು ಹಿಂದೆ ತಿರುಗಿ ನೋಡಿದ.

"ಯಾರೂ ಇಲ್ಲ ಅಣ್ಣ," ಎಂದಳು ಯಶಸ್ವಿನಿ. ಆವತ್ತು ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. "ಎಲ್ಲರೂ ಹಾಗೇ ತಿರುಗಿ ನೋಡ್ತಾರೆ."

"ಇಲ್ಲಿ ದನಿ ಒಡೆದಿಲ್ಲ," ಎಂದರು ಪ್ರೇಮಲತಾ. "ಈಗ ನನಗೊಂದು ಪಾಠ ಹೇಳಿ. ಈ ಆರುನೂರು ಓಮ್ ಅಂದ್ರೇನು? ಅದಕ್ಕೆ ನಿಮ್ಮ ಪೆಟ್ಟಿಗೇನೇ ಯಾಕೆ?"

ಯಶಸ್ವಿನಿ ಸ್ವಲ್ಪ ಯೋಚಿಸಿದಳು. "ನಮ್ಮ ತಂದೆ ತೋಟದಲ್ಲಿ ಡ್ರಿಪ್ ಹಾಕ್ಸಿದಾರೆ ಮೇಡಂ. ಆ ಸಣ್ಣ ಪೈಪಿಗೆ ನೀರು ಜಾಸ್ತಿ ಬೇಡ, ಒತ್ತಡ ಬೇಕು. ಆರುನೂರು ಓಮಿನ ಹೆಡ್‌ಫೋನು ಹಾಗೆ. ಫೋನಿಗೆ ಒತ್ತಡ ಕಮ್ಮಿ, ಅದಕ್ಕೇ ಸೊಳ್ಳೆ ಸದ್ದು. ನನ್ನ ಪೆಟ್ಟಿಗೇಲಿ ವಾಲ್ವಿಗೂ ಹೆಡ್‌ಫೋನಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ. ಒತ್ತಡ ಬೇಕಾದಷ್ಟು ಕೊಡುತ್ತೆ. ಆರುನೂರರಂಥದಕ್ಕೆ ಹೇಳಿ ಮಾಡ್ಸಿದ್ದು. ಆದ್ರೆ ಮೂವತ್ತೆರಡು ಓಮಿನ ಹೆಡ್‌ಫೋನಿದ್ಯಲ್ಲ, ಅದು ಮಾರ್ಕೋನಹಳ್ಳಿ ಕಾಲುವೆ ಇದ್ದ ಹಾಗೆ. ಬಾಯಿ ದೊಡ್ಡದು. ಹರಿಯೋ ನೀರೇ ಬೇಕು. ಅದನ್ನ ನನ್ನ ಪೆಟ್ಟಿಗೆ ತುಂಬಿಸಲಾರದು, ಏದುಸಿರು ಬಿಡುತ್ತೆ. ಲಕ್ಷ್ಮೀಕಾಂತ್ ಸರ್ ಥರ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಎರಡಕ್ಕೂ ನಡೆಯುತ್ತೆ. ಶ್ರೀಕರನದು ಅರ್ಧ ವಾಲ್ವು, ಅರ್ಧ ಈಗಿನ ಕಾಲದ ಎಲೆಕ್ಟ್ರಾನಿಕ್ ಚಿಪ್. ಅದೂ ನಡೆಯುತ್ತೆ."

"ಸೀತಾರಾಮಯ್ಯನವರು ಆರುನೂರನ್ನೇ ಯಾಕೆ ಆರಿಸಿಕೊಂಡ್ರು?"

"ಆ ಮಾಡೆಲ್ಲು ಬೇರೆ ಬೇರೆ ಓಮಲ್ಲಿ ಬರುತ್ತೆ ಮೇಡಂ. ಆರುನೂರರದ್ದು ದನಿ ನವಿರು ಅಂತ ಹುಡುಕಿ ತರಿಸಿದ್ರು."

ಮರುದಿನ ಗುಬ್ಬಿಯಲ್ಲಿ ಸಂತೆ. ಲಕ್ಷ್ಮೀಕಾಂತರ ಮನೆ ತಲುಪಲು ಗಂಗಹನುಮಯ್ಯ ಎತ್ತಿನಗಾಡಿ, ಟೆಂಪೋ, ಕೊಬ್ಬರಿ ಮೂಟೆಗಳ ನಡುವೆ ಸಾಹಸ ಮಾಡಬೇಕಾಯಿತು. ಲಕ್ಷ್ಮೀಕಾಂತ್ ಅರವತ್ತು ದಾಟಿದವರು. ಬಿಳಿ ಪಂಚೆ, ಬೆರಳ ತುದಿಯಲ್ಲಿ ತಾಮ್ರದ ತಂತಿ ಕೊರೆದ ಗೆರೆಗಳು. ಎಳನೀರು ಕೊಚ್ಚಿಸಿ ಕೊಟ್ಟರು. ಮಹಡಿಯ ಕೋಣೆಗೆ ಕರೆದೊಯ್ದು, ತಾವು ಸುತ್ತಿದ ಟ್ರಾನ್ಸ್‌ಫಾರ್ಮರುಗಳನ್ನು ತೋರಿಸಿದರು. ಸುತ್ತು ಒಂದರ ಪಕ್ಕ ಒಂದು ನೇಯ್ದ ಹಾಗೆ ಕೂತಿತ್ತು.

"ಯಶಸ್ವಿನಿ ನನ್ನ ಮಗಳಿದ್ದ ಹಾಗೆ ಮೇಡಂ," ಎಂದರು. "ಆವತ್ತು ಅವಳ ಮುಖ ನೋಡಕ್ಕಾಗ್ಲಿಲ್ಲ. ಯಾರ ಮೇಲೂ ಹೇಳಬಾರದು, ಆದ್ರೆ ಶ್ರೀಕರನಿಗೆ ಆ ಮನೇಲಿ ಒಳಹೊರಗೆಲ್ಲ ಓಡಾಟ ಇದೆ. ವಾಲ್ವ್ ಬದಲಾಯಿಸೋದು ಎಷ್ಟೊತ್ತಿನ ಕೆಲಸ?"

"ವಾಲ್ವ್ ಬದಲಾಗಿಲ್ಲ. ನೋಡಿದ್ವಿ."

ಲಕ್ಷ್ಮೀಕಾಂತ್ ಕೈಯಲ್ಲಿದ್ದ ಟ್ರಾನ್ಸ್‌ಫಾರ್ಮರನ್ನು ಮೇಜಿನ ಮೇಲಿಟ್ಟರು. "ಹೌದಾ? ಹಾಗಾದ್ರೆ ಇನ್ನೇನು ಹೇಳ್ಲಿ. ಅವಳ ಪೆಟ್ಟಿಗೆ ಕೆಟ್ಟದ್ದು ಅಂತ ಅಲ್ಲ ಮೇಡಂ. ಆ ಹೆಡ್‌ಫೋನಿಗೆ ಅದು ಹೊಂದೋ ಜಾತಿ ಅಲ್ಲ, ಅಷ್ಟೇ. ಹುಡುಗಿ ಹಟಮಾರಿ."

ಕಾರಿಗೆ ಬಂದ ಮೇಲೆ ಗಂಗಹನುಮಯ್ಯ, "ಒಳ್ಳೇ ಮನುಷ್ಯ ಮೇಡಂ. ನಂಗೂ ಎರಡು ಎಳನೀರು ಕೊಟ್ರು. ಆ ಶ್ರೀಕರಂದೇ ಕಿತಾಪತಿ ಕಣ್ರೀ, ಬರ್ಕೊಳಿ," ಎಂದ.

ಪ್ರೇಮಲತಾ ಕಿಟಕಿಯಾಚೆ ನೋಡುತ್ತಿದ್ದರು. "ನಿನ್ನೆ ಶಿಷ್ಯೆ ಹೇಳಿದ್ದಕ್ಕೂ ಇವತ್ತು ಗುರು ಹೇಳಿದ್ದಕ್ಕೂ ತಾಳೆ ಆಗ್ತಿಲ್ಲ ನೋಡಿ."

"ಯಾವ್ದು?"

"ಸಂತೆ ದಾಟ್ಲಿ, ಮುಂದೆ ನೋಡ್ಕೊಂಡು ಓಡ್ಸಿ."

ಗುಬ್ಬಿಯಿಂದ ನೇರ ಎಸ್.ಎಸ್. ಪುರಂಗೆ ಹೋದರು. ಸೀತಾರಾಮಯ್ಯನವರು ತೆಳ್ಳಗೆ, ಎತ್ತರಕ್ಕೆ, ಮಾತು ತೂಗಿ ಆಡುವವರು. ಮೋಸ ಹೋದೆನೆಂಬ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಕೇಳುಮನೆಯ ಬಾಗಿಲು ತೆಗೆದು ಹೆಡ್‌ಫೋನನ್ನು ಬೀರುವಿನಿಂದ ಹೊರತೆಗೆದರು. ಭಾನುವಾರದಿಂದ ಅದಕ್ಕೆ ಬೀಗ ಹಾಕಿಟ್ಟಿದ್ದರಂತೆ, ಕೀಲಿ ಅವರ ಜನಿವಾರದಲ್ಲೇ. ಪ್ರೇಮಲತಾ ಅದನ್ನು ಕೈಯಲ್ಲಿ ಹಿಡಿದು, ಮೇಲಿನ ಪಟ್ಟಿಯ ಒಳಮೈಯಲ್ಲಿದ್ದ '600' ಎಂಬ ಚೀಟಿಯ ಅಂಚಿನ ಮೇಲೆ ಉಗುರಾಡಿಸಿದರು. ಚೀಟಿ ಸ್ವಲ್ಪ ವಾರೆಯಾಗಿ ಕೂತಿತ್ತು.

"ಭಾನುವಾರ ಏನೇನಾಯ್ತು, ನೀವು ನೋಡಿದ್ದು ಹೇಳಿ," ಎಂದು ಅವರು ಕೇಳಿದ್ದು ಸೀತಾರಾಮಯ್ಯನವರನ್ನಲ್ಲ, ಅವರ ಹೆಂಡತಿ ಸುಂದರಮ್ಮನವರನ್ನು.

"ಇವರು ಕಣ್ಣು ಮುಚ್ಕೊಂಡು ಕೂತಿದ್ರು, ನೋಡಿದ್ದು ನಾನೇ," ಎಂದರು ಸುಂದರಮ್ಮ ಉತ್ಸಾಹದಿಂದ. "ಮೊದಲು ಗುಬ್ಬಿಯವರು ಬಂದ್ರು. ಸದ್ದು ಏರಿಸೋ ಗುಂಡೀನ ಒಂಚೂರು, ಇಷ್ಟೇ ಇಷ್ಟು ತಿರುಗಿಸಿಟ್ಟು, 'ಹಾಕ್ಕೊಳಿ ಸ್ವಾಮಿ' ಅಂದ್ರು. ಆಮೇಲೆ ಮುಟ್ಟಲೇ ಇಲ್ಲ. ಹಿತವಾಗಿತ್ತು ಅಂದ್ರು ಇವರು. ಆಮೇಲೆ ನಮ್ಮ ಶ್ರೀಕರ. ಅವನು ಗುಂಡಿ ಅರ್ಧಕ್ಕೂ ಮೇಲೆ ತಿರುಗಿಸಿದ್ದೇ ತಡ, ಇವರು ಚೇಳು ಕುಟುಕಿದ ಹಾಗೆ ಕಿತ್ತು ಬಿಸಾಕಿದ್ರು! ಕಿವಿ ತೂತಾಗೋ ಸದ್ದು. ಅವನಿಗೆ ನಾಚಿಕೆಯಾಗಿ ಬೆವತುಹೋದ. ಕೊನೇಲಿ ಆ ಹುಡುಗಿ. ಅವಳೂ ಅರ್ಧಕ್ಕೆ ತಿರುಗಿಸಿದ್ಲು. ಸದ್ದು ಜಾಸ್ತಿ ಏನಿರ್ಲಿಲ್ಲ, ದನಿ ಮಾತ್ರ ಒಡಕು."

"ಮಂಗಳವಾರದಿಂದ ಭಾನುವಾರದೊಳಗೆ ಈ ಕೋಣೆಗೆ ಯಾರು ಬಂದಿದ್ರು?"

"ಶ್ರೀಕರ ಬಂದಿದ್ದ, ಕೋಣೆ ಫೋಟೋ ತೆಗೆಯೋಕೆ. ಅದಕ್ಕೆ ಮುಂಚೆ ಗುಬ್ಬಿಯವರು ಬಂದಿದ್ರು, ಪ್ಲಗ್ಗಿನ ಅರ್ತಿಂಗ್ ಸರಿ ಇದೆಯಾ ನೋಡ್ತೀನಿ ಅಂತ. ಕಾಫಿ ಮಾಡ್ಕೊಂಡು ಬರೋವರೆಗೂ ಒಬ್ಬರೇ ಇದ್ರು, ಪಾಪ."

ಈ ನಡುವೆ ಗಂಗಹನುಮಯ್ಯನಿಗೆ ತಡೆಯಲಾಗಲಿಲ್ಲ. ಅಷ್ಟೆಲ್ಲ ರಗಳೆಗೆ ಕಾರಣವಾದ ಹೆಡ್‌ಫೋನು ಮೇಜಿನ ಮೇಲಿತ್ತು. ವೈರಿನ ತುದಿಯ ದಪ್ಪ ಪಿನ್ನು ತಿರುಗಿಸಿದರೆ ಕಳಚುತ್ತಿತ್ತು, ಒಳಗೆ ಸಣ್ಣ ಪಿನ್ನು. ತನ್ನ ಹಳೇ ಮೊಬೈಲಿಗೆ ಅದನ್ನು ಚುಚ್ಚಿ, ಹೆಡ್‌ಫೋನು ಕಿವಿಗಿಟ್ಟು, ದಿನಾ ಕೇಳುವ ತತ್ವಪದ ಹಾಕಿದ.

"ಅಯ್ಯಪ್ಪಾ!" ಎಂದು ಕೂಗಿಕೊಂಡು ತಲೆಯಿಂದ ಕಿತ್ತ. ಮೇಜಿನ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ಏಕತಾರಿಯ ನಾದ ಇಡೀ ಕೋಣೆಗೆ ಕೇಳಿಸುತ್ತಿತ್ತು. "ತಪ್ಪಾಯ್ತು ಸ್ವಾಮಿ, ಕೆಟ್ಟೋಯ್ತೇನೋ ನೋಡಿ!"

ಸೀತಾರಾಮಯ್ಯನವರ ಹುಬ್ಬು ಗಂಟಿಕ್ಕಿತು. ಆದರೆ ಪ್ರೇಮಲತಾ ಅವನನ್ನೇ ನೋಡುತ್ತಿದ್ದರು. ಗೋಡೌನಿನ ಬೂದಿಯಲ್ಲಿ ಸೀಮೆಎಣ್ಣೆ ವಾಸನೆ ಸಿಕ್ಕಾಗ ಅವರ ಮುಖ ಹೀಗೇ ಆಗುತ್ತಿತ್ತಂತೆ.

"ಗಂಗಹನುಮಯ್ಯನವರೇ, ನೀವು ಏನೂ ಕೆಡಿಸಿಲ್ಲ. ಸೀತಾರಾಮಯ್ಯನವರೇ, ಇದನ್ನ ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಭಾನುವಾರ ಮೂವರನ್ನೂ ಕರೀರಿ. ಆಯ್ಕೆ ಮುಗಿಸೋ ಮುಂಚೆ ಇನ್ನೊಂದು ಸಲ ಕೇಳ್ತೀನಿ ಅನ್ನಿ. ಬೇರೇನೂ ಹೇಳ್ಬೇಡಿ."

ವಾಪಸು ಬರುವ ದಾರಿಯುದ್ದಕ್ಕೂ ಗಂಗಹನುಮಯ್ಯ ಕೇಳಿಯೇ ಕೇಳಿದ. ಪ್ರೇಮಲತಾ ಬಾಯಿ ಬಿಡಲಿಲ್ಲ. ಭಾನುವಾರದವರೆಗೆ ಅವನಿಗೆ ಊಟ ಸರಿಯಾಗಿ ಸೇರಲಿಲ್ಲ ಎಂದು ಅವನ ಹೆಂಡತಿ ಆಮೇಲೆ ದೂರಿದಳು.

ಭಾನುವಾರ ಬೆಳಿಗ್ಗೆ ಕೇಳುಮನೆಯಲ್ಲಿ ಎಲ್ಲರೂ ಸೇರಿದರು. ಲಕ್ಷ್ಮೀಕಾಂತ್ ತಮ್ಮ ಪೆಟ್ಟಿಗೆಯ ಜೊತೆ ಹೆಗಲಿಗೊಂದು ಚರ್ಮದ ಬ್ಯಾಗು ಹಾಕಿಕೊಂಡು ಬಂದರು. ಶ್ರೀಕರ ಗೋಡೆಗೊರಗಿ ನಿಂತು, "ಇದೆಲ್ಲ ಯಾಕೆ ದೊಡ್ಡಪ್ಪ? ಯಾರು ಮೋಸ ಮಾಡಿದ್ದು ಅಂತ ಎಲ್ರಿಗೂ ಗೊತ್ತು," ಎಂದ. ಯಶಸ್ವಿನಿ ತಲೆ ತಗ್ಗಿಸಿ ಕೂತಿದ್ದಳು.

ಬೀರುವಿನಿಂದ ಬಂದ ಹೆಡ್‌ಫೋನನ್ನು ಪ್ರೇಮಲತಾ ತಮ್ಮ ಮಡಿಲಲ್ಲಿಟ್ಟುಕೊಂಡರು.

"ನನಗೆ ಆಂಪ್ಲಿಫೈಯರ್ ಗೊತ್ತಿಲ್ಲ," ಎಂದು ಶುರುಮಾಡಿದರು. "ಕ್ಲೇಮು ಗೊತ್ತು. ಲಾರಿ ಗುಂಡಿಗೆ ಬಿತ್ತು ಅಂದ್ರೆ ಎಲ್ರೂ ಲಾರಿ ನೋಡ್ತಾರೆ. ನಾನು ರಸ್ತೇನೂ ನೋಡ್ತಿದ್ದೆ. ಈ ಹುಡುಗಿ ಪೆಟ್ಟಿಗೇಲಿ ಅವಳದೇ ವಾಲ್ವ್ ಇವೆ. ಗುರುತು ನೋಡಿದೀನಿ. ಅವಳ ಮನೇಲಿ ಅದು ಚೆನ್ನಾಗೇ ಹಾಡ್ತು, ನನ್ನ ಕಿವೀಲೇ ಕೇಳಿದೀನಿ. ಅಲ್ಲಿ ಸರಿ, ಇಲ್ಲಿ ತಪ್ಪು ಅಂದ್ರೆ ಕಾಯಿಲೆ ಈ ಕೋಣೇಲಿದೆ. ಕರೆಂಟು ಕಾರಣ ಇರಬಹುದಾ? ಮಂಗಳವಾರ ಇದೇ ಪ್ಲಗ್ಗಲ್ಲಿ ಚೆನ್ನಾಗಿತ್ತು. ಉಳಿದದ್ದು ಒಂದೇ. ಗಂಗಹನುಮಯ್ಯನವರೇ, ನಿಮ್ಮ ಫೋನು ಕೊಡಿ."

ಪಿನ್ನು ಚುಚ್ಚಿ ತತ್ವಪದ ಹಾಕಿದರು. ಮಡಿಲಿನ ಹೆಡ್‌ಫೋನಿನಿಂದ ನಾದ ಕೋಣೆಗೆಲ್ಲ ಕೇಳಿತು.

ಯಶಸ್ವಿನಿ ಚಕ್ಕನೆ ತಲೆ ಎತ್ತಿದಳು. "ಅದು ಆಗಲ್ಲ ಮೇಡಂ! ಆರುನೂರು ಓಮು ಫೋನಲ್ಲಿ ಅಷ್ಟು ಕೂಗಲ್ಲ!"

"ಸೀತಾರಾಮಯ್ಯನವರೇ, ನೀವು ಮೊದಲ ದಿನ ಫೋನಿಗೆ ಹಾಕಿದಾಗ ಹೇಗಿತ್ತು?"

"ಸೊಳ್ಳೆ..." ಎಂದು ಅವರು ಅಲ್ಲೇ ನಿಲ್ಲಿಸಿದರು.

"ಯಶಸ್ವಿನಿ, ನಿಮ್ಮ ಮೀಟರಲ್ಲಿ ಅಳೀರಿ."

ಯಶಸ್ವಿನಿ ಚೀಲದಿಂದ ಮಲ್ಟಿಮೀಟರ್ ತೆಗೆದು ಎರಡು ಕಡ್ಡಿಗಳನ್ನು ಪಿನ್ನಿಗೆ ತಾಗಿಸಿದಳು. ಅಂಕಿ ನಿಲ್ಲಲು ಕೊಂಚ ಹೊತ್ತಾಯಿತು. "ಮೂವತ್ತೆರಡು," ಎಂದಳು. "ಇದು ಮೂವತ್ತೆರಡು ಓಮಿಂದು. ನಿಮ್ಮ ಹೆಡ್‌ಫೋನ್ ಅಲ್ಲ ಸರ್ ಇದು."

"ಒಂದೇ ಮಾಡೆಲ್ಲು, ಒಂದೇ ರೂಪ, ಓಮು ಬೇರೆ," ಎಂದರು ಪ್ರೇಮಲತಾ. "ಯಾರೋ ಇದನ್ನಿಲ್ಲಿಟ್ಟು ನಿಮ್ಮದನ್ನ ಒಯ್ದಿದಾರೆ. ಗುರುತು ಸಿಗದಿರಲಿ ಅಂತ ನಿಮ್ಮದರ ಸವೆದ ಕಿವಿಮೆತ್ತೆಗಳನ್ನ ಇದಕ್ಕೆ ಹಾಕಿದಾರೆ. ಅದು ಸುಲಭ, ಕೈಯಲ್ಲೇ ಬಿಚ್ಚುತ್ತೆ. '600' ಅನ್ನೋ ಚೀಟೀನೂ ಕಿತ್ತು ಅಂಟಿಸಿದಾರೆ. ಕಿತ್ತ ಚೀಟಿ ಎರಡನೇ ಸಲ ನೆಟ್ಟಗೆ ಕೂರಲ್ಲ, ಅಂಚು ಏಳುತ್ತೆ. ಪೆಟ್ಟಿಗೆಗೆ ಯಾರೂ ಕೈ ಹಚ್ಚಿಲ್ಲ. ಡ್ರಿಪ್ಪಿಗೆ ಅಂತ ಮಾಡಿದ ಪಂಪನ್ನ ಕಾಲುವೆಗೆ ಕಟ್ಟಿದ್ರು, ಅಷ್ಟೇ. ಉಳಿದ ಇಬ್ಬರ ಪೆಟ್ಟಿಗೆ ಎರಡಕ್ಕೂ ನಡೆಯೋಂಥವು. ಇವಳದು ಮಾತ್ರ ಕುಸೀತು."

"ಅಂದ್ರೆ ನಾನು ಮಾಡ್ದೆ ಅಂತಾನಾ?" ಶ್ರೀಕರ ಗೋಡೆ ಬಿಟ್ಟು ಮುಂದೆ ಬಂದ. "ನಾನು ಫೋಟೋ ತೆಗೆಯೋಕೆ ಬಂದಿದ್ದೆ ಅಷ್ಟೇ ಮೇಡಂ!"

"ನೀವಲ್ಲ. ಈ ಹೆಡ್‌ಫೋನು ಕಡಿಮೆ ಓಮಿಂದು ಅಂತ ಗೊತ್ತಿದ್ದಿದ್ರೆ ಗುಂಡೀನ ಅರ್ಧಕ್ಕೆ ತಿರುಗಿಸಿ ದೊಡ್ಡಪ್ಪನ ಕಿವಿ ಒಡೀತಿರ್ಲಿಲ್ಲ. ಆರುನೂರು ಅಂತ ನಂಬಿ ತಿರುಗಿಸಿದ್ರಿ. ಯಶಸ್ವಿನೀನೂ ನಂಬಿದ್ಲು. ಅವಳ ಪೆಟ್ಟಿಗೆ ಸೊರಗಿದ್ದರಿಂದ ಸದ್ದು ಏರಲಿಲ್ಲ, ಅದಕ್ಕೇ ಹೆಡ್‌ಫೋನಿನ ಮೇಲೆ ಅನುಮಾನಾನೇ ಬರಲಿಲ್ಲ. ಮೂವರಲ್ಲಿ ಒಬ್ಬರೇ, ಅದೂ ಎಲ್ಲರಿಗಿಂತ ಮೊದಲು ಬಂದವರು, ಯಾರನ್ನೂ ನೋಡಿ ಕಲಿಯೋ ಅವಕಾಶ ಇಲ್ಲದವರು, ಗುಂಡೀನ ಒಂಚೂರು ತಿರುಗಿಸಿ, ಪರೀಕ್ಷೆ ಕೂಡ ಮಾಡದೆ ಕೈ ತೆಗೆದ್ರು. ಅಷ್ಟೇ ಸಾಕು ಅಂತ ಅವರಿಗೆ ಮನೇಲೇ ಗೊತ್ತಿತ್ತು."

ಯಾರೂ ಆ ಕಡೆ ತಿರುಗಲಿಲ್ಲ. ತಿರುಗಬೇಕಾಗಿರಲಿಲ್ಲ.

"ವಾಲ್ವ್ ಬದಲಾಗಿದೆ ಅಂತ ಮೊದಲು ಹೇಳಿದವರೂ ಅವರೇ," ಪ್ರೇಮಲತಾ ದನಿ ಏರಿಸದೆ ಮುಂದುವರಿಸಿದರು. "ಎಲ್ಲರೂ ಪೆಟ್ಟಿಗೇನೇ ನೋಡ್ಲಿ, ಹೆಡ್‌ಫೋನ್ ನೋಡೋದು ಬೇಡ ಅಂತ. ಗುಬ್ಬೀಲಿ ನನಗೆ, 'ಆ ಹೆಡ್‌ಫೋನಿಗೆ ಅದು ಹೊಂದೋ ಜಾತಿ ಅಲ್ಲ' ಅಂದ್ರಿ ಲಕ್ಷ್ಮೀಕಾಂತರೇ. ಆರುನೂರಕ್ಕೆ ಅದಕ್ಕಿಂತ ಚೆನ್ನಾಗಿ ಹೊಂದೋದು ಬೇರೆ ಇಲ್ಲ ಅಂತ ನಿಮ್ಮ ಶಿಷ್ಯೆ ಹೇಳಿದ್ಲು. ಅವಳಿಗೆ ಅದನ್ನ ಕಲಿಸಿದ್ದು ನೀವು. ನೀವು ತಪ್ಪಿ ಹೇಳೋರಲ್ಲ. ನಿಮ್ಮ ಮನಸ್ಸಲ್ಲಿದ್ದ ಹೆಡ್‌ಫೋನೇ ಬೇರೆ. ಅರ್ತಿಂಗ್ ನೋಡೋಕೆ ಅಂತ ಬಂದಾಗ ಬದಲಾಯಿಸಿದ್ರಿ. ಆಯ್ಕೆ ಮುಗಿದ ಮೇಲೆ ಸದ್ದಿಲ್ಲದೆ ವಾಪಸ್ ಇಡೋ ಯೋಚನೆ ಇತ್ತು, ಆದ್ರೆ ಇವರು ಬೀರುವಿಗೆ ಬೀಗ ಹಾಕಿದ್ರು. ಇವತ್ತು ಬೀಗ ತೆಗೀತಾರೆ ಅಂತ ಗೊತ್ತಿತ್ತು. ಆ ಬ್ಯಾಗು ತೆಗೀರಿ."

ಲಕ್ಷ್ಮೀಕಾಂತ್ ಬ್ಯಾಗನ್ನು ಹೆಗಲಿಂದ ಇಳಿಸಿದರು. ಆಮೇಲೆ ಬ್ಯಾಗಿನ ಕೊಂಡಿ ಬಿಚ್ಚಿ, ಟವೆಲಿನಲ್ಲಿ ಸುತ್ತಿದ್ದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟರು.

"ನಾನು ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ನಲವತ್ತು ವರ್ಷ," ಎಂದರು ಯಾರನ್ನೂ ನೋಡದೆ. "ಮಂಗಳವಾರ ನಾನೂ ಬಂದಿದ್ದೆ. ಬಾಗಿಲಲ್ಲಿ ನಿಂತಿದ್ದೆ. ಅವಳದನ್ನ ಕೇಳ್ತಾ ಕೇಳ್ತಾ ಸೀತಾರಾಮಯ್ಯನವರ ಕಣ್ಣಲ್ಲಿ ನೀರು ಬಂತು. ನನ್ನದಕ್ಕೆ 'ಚೆನ್ನಾಗಿದೆ' ಅಂದಿದ್ರು. ಬರೀ ಚೆನ್ನಾಗಿದೆ." ಖಾಲಿ ಟವೆಲನ್ನು ಮಡಿಸಿದರು. "ಅವಳಿಗೆ ಮೋಸಗಾತಿ ಅಂತ ಹೆಸರು ಬರುತ್ತೆ ಅಂತ ಯೋಚಿಸ್ಲಿಲ್ಲ. ಸೋತ್ರೆ ಸಾಕು ಅಂದ್ಕೊಂಡಿದ್ದೆ."

"ಆ ಹೆಸರು ಬಂದ ಮೇಲೂ ಸುಮ್ನಿದ್ರಲ್ಲ ಸರ್," ಎಂದಳು ಯಶಸ್ವಿನಿ.

ಅವರು ಬ್ಯಾಗಿನ ಕೊಂಡಿ ಮತ್ತೆ ಹಾಕಿದರು.

ಸೀತಾರಾಮಯ್ಯನವರು ಮೇಜಿನ ಮೇಲಿದ್ದ ತಮ್ಮ ಹೆಡ್‌ಫೋನು ಎತ್ತಿಕೊಂಡು ಯಶಸ್ವಿನಿಯ ಮುಂದೆ ಹಿಡಿದರು. "ಹಾಕಮ್ಮ," ಎಂದರು. ಅವಳು ತನ್ನ ಪೆಟ್ಟಿಗೆಗೆ ಸ್ವಿಚ್ಚು ಹಾಕಿದಳು. ವಾಲ್ವ್ ಬಿಸಿಯಾಗಿ ಗಾಜಿನೊಳಗೆ ಕೆಂಪು ಹುಟ್ಟಿತು. ಹಾಡು ಶುರುವಾಯಿತೆಂದು ಉಳಿದವರಿಗೆ ಗೊತ್ತಾದದ್ದು ಸೀತಾರಾಮಯ್ಯನವರ ಮುಖ ನೋಡಿಯೇ. ಹಾಡು ಮುಗಿದ ಮೇಲೆ ಅವರು ಹೆಡ್‌ಫೋನು ತೆಗೆದು,  "ಎಲ್ಲಾ ಕುರ್ಚಿಗೂ ನೀನೇ ಮಾಡಮ್ಮ. ಅವತ್ತು ಆಡಿದ ಮಾತು ಮರೆತುಬಿಡು ಅಂತ ಕೇಳೋ ಮುಖ ನನಗಿಲ್ಲ," ಎಂದು ಕೈ ಮುಗಿದರು.

"ಅಯ್ಯೋ ಸರ್, ಹಿರಿಯರು," ಎಂದು ಅವಳು ಹಿಂದೆ ಸರಿದಳು. ಆಮೇಲೆ ಲಕ್ಷ್ಮೀಕಾಂತರ ಕಡೆ ತಿರುಗಿದಳು. "ಗ್ರೂಪಲ್ಲಿ ನೀವೇ ಬರೀಬೇಕು ಸರ್. ಇಲ್ಲೇ. ಈಗಲೇ."

ಲಕ್ಷ್ಮೀಕಾಂತ್ ಫೋನು ತೆಗೆದರು. ತಾಮ್ರದ ತಂತಿಗೆ ಒಗ್ಗಿದ ಬೆರಳುಗಳು ಅಕ್ಷರಗಳ ಮೇಲೆ ತಡವರಿಸಿದವು. ಬರೆದದ್ದನ್ನು ಅವಳಿಗೆ ತೋರಿಸಿದರು. ಅವಳು ಓದಿದಳು.

"'ನನ್ನ ಶಿಷ್ಯೆ' ಅಂತ ಬರೆದಿದ್ದೀರಲ್ಲ, ಅದು ಬೇಡ ಸರ್. ಯಶಸ್ವಿನಿ ಅಂತ ಹೆಸರು ಹಾಕಿ ಸಾಕು."

ಅವರು ಅಳಿಸಿ ಹೆಸರು ಹಾಕಿದರು. ಕಳಿಸಿದ್ದೇ ತಡ ಶ್ರೀಕರನ ಜೇಬಿನಲ್ಲಿ, ಸೀತಾರಾಮಯ್ಯನವರ ಮೇಜಿನ ಮೇಲೆ, ಯಶಸ್ವಿನಿಯ ಚೀಲದೊಳಗೆ ಫೋನುಗಳು ಒಟ್ಟಿಗೇ ಸದ್ದು ಮಾಡಿದವು. ಶ್ರೀಕರ ತನ್ನದನ್ನು ತೆಗೆದು, ತಾನು ಹಿಂದೆ ಹಾಕಿದ್ದ ಮಾತಿನ ಕೆಳಗೆ ಏನೋ ಬರೆದು, "ನಾನೂ ಕ್ಷಮೆ ಕೇಳಿದೀನಿ, ನೋಡಿ," ಎಂದು ಗೊಣಗಿದ.

ಕುಣಿಗಲ್ಲಿಗೆ ಬಸ್ಸಿದೆ ಎಂದು ಯಶಸ್ವಿನಿ ಎಷ್ಟು ಹೇಳಿದರೂ ಪ್ರೇಮಲತಾ ಕೇಳಲಿಲ್ಲ, ಕಾರಿನಲ್ಲೇ ಕೂರಿಸಿಕೊಂಡರು. ಗೂಳೂರು ದಾಟುವವರೆಗೆ ಗಂಗಹನುಮಯ್ಯ ಒಂದೇ ಸಮ ಮಾತಾಡಿದ. ತಾನು ಆವತ್ತು ಫೋನಿಗೆ ಚುಚ್ಚದೇ ಇದ್ದಿದ್ದರೆ ಈ ಕೇಸು ಏನಾಗುತ್ತಿತ್ತು ಎಂಬುದನ್ನು ಎರಡೆರಡು ರೀತಿಯಲ್ಲಿ ವಿವರಿಸಿದ.

"ಒಂದ್ ಮಾತು ಮೇಡಂ," ಎಂದ ಕಡೆಗೆ. "ಆ ಯಪ್ಪಂಗೆ ಅಷ್ಟು ವಿದ್ಯೆ ಇತ್ತು. ಕಲಿಸಿದ್ದು ಮುಂದಕ್ಕೆ ಹೋಯ್ತಲ್ಲ ಅಂತ ಹೆಮ್ಮೆ ಪಡೋದು ಬಿಟ್ಟು, ಯಾಕ್ ಮೇಡಂ ಹಿಂಗ್ ಮಾಡ್ಕಂಡ?"

"ಅದಕ್ಕೆ ಮೀಟರ್ ಇಲ್ಲ ಗಂಗಹನುಮಯ್ಯನವರೇ," ಎಂದರು ಪ್ರೇಮಲತಾ. ಆಮೇಲೆ ಹಿಂದಕ್ಕೆ ತಿರುಗಿ ನೋಡಿ ಬೆರಳನ್ನು ತುಟಿಗಿಟ್ಟುಕೊಂಡರು.

ಹಿಂದಿನ ಸೀಟಿನಲ್ಲಿ ಯಶಸ್ವಿನಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು. ವಾರದ ನಿದ್ದೆಯೆಲ್ಲ ಒಟ್ಟಿಗೆ ಬಂದಿರಬೇಕು. ಒಂದು ಕೈ ಮಾತ್ರ ಪಕ್ಕದ ಪೆಟ್ಟಿಗೆಯ ಮೇಲೆ ಹಾಗೇ ಇತ್ತು. ಮುಂದೆ ಹೆಬ್ಬೂರಿನ ರೋಡ್ ಹಂಪು. ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಗಂಗಹನುಮಯ್ಯ ಜನರನ್ನೆಲ್ಲ ಸೀಟಿನಿಂದ ಎತ್ತಿ ಹಾಕಿದ್ದ ಹಂಪು ಅದು. ಇವತ್ತು ಅವನು ಗೇರು ಇಳಿಸಿ, ಚಕ್ರ ಒಂದೊಂದಾಗಿ ಹತ್ತಿ ಇಳಿಯುವ ಹಾಗೆ, ಕಾರನ್ನು ಮೆಲ್ಲಗೆ ದಾಟಿಸಿದ.